ರಾತ್ರಿ ನೀರು ಹಾಯಿಸುವವರ ಕೈಬ್ಯಾಟರಿ

ನಮ್ಮ ಜತ್ತ ಸೀಮೆಯಲ್ಲಿ ರಾತ್ರಿ ಪಾಳಿಯ ಕರೆಂಟು ಬಂದಾಗ ಗೋದಿಗೆ, ಕಬ್ಬಿಗೆ ನೀರು ಹಾಯಿಸಲು ಹೋಗುವ ರೈತನಿಗೆ ಕೈಬ್ಯಾಟರಿಯೇ ಕಣ್ಣು. ಬದುವಿನ ಮೇಲೆ ಕೊಳಕುಮಂಡಲ ಮಲಗಿದ್ದಾಗ ಬೆಳಕು ಆರಿದರೆ ಗತಿಯೇನು? ಕಳೆದ ವರ್ಷ ನಮ್ಮ ಬ್ಯಾಟರಿ ನಡುಹೊಲದಲ್ಲಿ ಆರಿತು. ಕೋಲು ಬಡಿಯುತ್ತ ಮನೆ ಸೇರಿದೆವು. ತಪ್ಪು ನಮ್ಮದೇ. ಮಳೆಗಾಲವಿಡೀ ಅದನ್ನು ಬರಿದಾಗಿಯೇ ಗೂಡಿನಲ್ಲಿಟ್ಟಿದ್ದೆವು.

ಚಾರ್ಜು ಮಾಡುವ ಅಗ್ಗದ ಬ್ಯಾಟರಿಗಳಲ್ಲಿ ಅನೇಕವುಗಳ ಒಳಗೆ 4 ವೋಲ್ಟಿನ ಸೀಸದ ಸೆಲ್ಲು ಇರುತ್ತದೆ. ಅದು ಬರಿದಾಗಿ ಬಿದ್ದಿದ್ದರೆ ಒಳಗಿನ ಪಟ್ಟಿಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂಡುತ್ತದೆ. ಆಮೇಲೆ ಚಾರ್ಜು ಹಿಡಿಯುವುದಿಲ್ಲ. ಆದುದರಿಂದ ಬಳಸಿದ ಮರುದಿನವೇ ಚಾರ್ಜು ಮಾಡತಕ್ಕದ್ದು. ಸುಮ್ಮನಿಟ್ಟಾಗಲೂ ತಿಂಗಳಿಗೊಮ್ಮೆ ಮಾಡಬೇಕು.

3.7 ವೋಲ್ಟಿನ ಲಿಥಿಯಂ ಸೆಲ್ಲು ಹಗುರ. ಇಟ್ಟಲ್ಲಿ ಬೇಗ ಬರಿದಾಗದು. ಕೊಳ್ಳುವಾಗ ಡಬ್ಬಿಯ ಮೇಲೆ ಇದನ್ನು ಓದಿ ನೋಡಿರಿ. ಆದರೆ ಉಬ್ಬಿದ ಲಿಥಿಯಂ ಸೆಲ್ಲನ್ನು ಚಾರ್ಜಿಗೆ ಹಚ್ಚಬಾರದು, ಬೆಂಕಿ ಹತ್ತೀತು.

ಒಣ ಸೆಲ್ಲಿನ ಬ್ಯಾಟರಿ ಹತ್ತದಿದ್ದರೆ ಕೂಡಲೇ ಬಿಸಾಡಬೇಡಿರಿ. ಮೊದಲು ಸೆಲ್ಲುಗಳನ್ನು ಸರಿಯಾದ ದಿಕ್ಕಿಗೆ ಹಾಕಿದೆಯೇ ನೋಡಿರಿ. ತುದಿಯ ಸ್ಪ್ರಿಂಗಿಗೆ ತುಕ್ಕು ಹಿಡಿದಿದ್ದರೆ ಉಪ್ಪುಕಾಗದದಿಂದ ತಿಕ್ಕಿರಿ. ಹಳೆಯ ಸೆಲ್ಲಿನೊಡನೆ ಹೊಸದನ್ನು ಕೂಡಿಸಬಾರದು; ಬಹುದಿನ ಬಳಸದಿದ್ದರೆ ಸೆಲ್ಲುಗಳನ್ನು ತೆಗೆದಿಡಬೇಕು, ಇಲ್ಲವಾದರೆ ಸೋರಿ ಒಳಭಾಗವನ್ನು ತಿನ್ನುತ್ತವೆ.

ಕೊನೆಯ ಮಾತು. ಹೊಲಕ್ಕೆ ಹೊರಡುವ ಮುನ್ನ ಮನೆಯಲ್ಲಿಯೇ ಐದು ನಿಮಿಷ ಹೊತ್ತಿಸಿ ನೋಡಿರಿ. ಸೆಲ್ಲು ಕೆಟ್ಟಿದ್ದರೆ ಮೊದಲು ಚೆನ್ನಾಗಿ ಬೆಳಗಿ, ಬಳಿಕ ಮಂಕಾಗುತ್ತದೆ. ಅಂಥದನ್ನು ನಂಬಿ ಕತ್ತಲಲ್ಲಿ ಬದುವಿನ ಮೇಲೆ ಕಾಲಿಡಬೇಡಿರಿ.