ಪ್ಯಾರಿಸ್ಸಿನ ಲಕ್ಮೆ, ಮದರಾಸಿನ ತಾಯಿ

ಫ್ರೆಂಚ್ ಒಪೆರಾ ನಮಗೇಕೆ ಎಂದು ಮೈಲಾಪುರದ ಕಛೇರಿ ರಸಿಕರು ಕೇಳಿಯಾರು. ಲಿಯೊ ಡೆಲಿಬ್‌ನ ‘ಲಕ್ಮೆ’ಯ ಹೂವಿನ ಯುಗಳಗೀತೆ ಅವರಲ್ಲಿ ಅನೇಕರ ಕಿವಿಗೆ ಈಗಾಗಲೇ ಬಿದ್ದಿರುತ್ತದೆ. 1989ರಲ್ಲಿ ಬ್ರಿಟಿಷ್ ಏರ್‌ವೇಸ್ ಅದನ್ನು ಜಾಹೀರಾತಿಗೆ ಎತ್ತಿಕೊಂಡಿತು. 1952ರಲ್ಲಿ ಟಾಟಾದವರು ಶುರುಮಾಡಿದ ಕಾಡಿಗೆ, ಪೌಡರುಗಳ ಹೆಸರೂ ಈ ಒಪೆರಾದ್ದೇ.

1883ರ ಏಪ್ರಿಲ್ 14ರಂದು ಪ್ಯಾರಿಸ್ಸಿನ ಒಪೆರಾ-ಕೊಮಿಕ್‌ನಲ್ಲಿ ಮೊದಲ ಪ್ರದರ್ಶನ. ಕಥೆ ನಡೆಯುವುದು ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ. ಅರ್ಚಕ ನೀಲಕಂಠನ ಮಗಳು ಲಕ್ಮೆ, ಸೇವಕಿ ಮಲ್ಲಿಕಾ ಇಬ್ಬರೂ ಹೂವು ಕೊಯ್ಯಲು ದೋಣಿ ಹತ್ತುತ್ತಾರೆ. ಹಾಡು ಬಿ ಮೇಜರ್‌ನಲ್ಲಿದೆ: ನಮ್ಮ ಲೆಕ್ಕದಲ್ಲಿ ಏಳು ಮನೆ ಶ್ರುತಿ, ಶಂಕರಾಭರಣದ ಸ್ವರಗಳು. ತಾಳ ಆರೆಂಟು, ಅಂದರೆ ತಿಶ್ರ ನಡೆಯ ಎರಡು ಪೆಟ್ಟು. ವಿಳಂಬವೂ ಅಲ್ಲ, ಓಟವೂ ಅಲ್ಲ. ದೋಣಿ ತೂಗುವ ಕಾಲಪ್ರಮಾಣ. ಒಬ್ಬಳು ಷಡ್ಜದಲ್ಲಿದ್ದರೆ ಇನ್ನೊಬ್ಬಳು ಗಾಂಧಾರದಲ್ಲಿ, ಹೀಗೆ ಮೂರು ಸ್ವರದ ಅಂತರ ಕಾಯ್ದುಕೊಂಡು ಜೊತೆಯಾಗಿ ಸಾಗುತ್ತಾರೆ. ಇದರಲ್ಲಿ ಭಾರತದ ಗಮಕ ಹುಡುಕಬೇಡಿ, ಸಿಕ್ಕುವುದಿಲ್ಲ. ಡೆಲಿಬ್ ಕಟ್ಟಿದ್ದು ತನ್ನ ಮನಸ್ಸಿನ ಭಾರತವನ್ನು.

ಜಾಹೀರಾತು ಕೇಳಿದವರಿಗೆ ಇದು ಜೋಗುಳದಂಥ ಹಾಡು. ಪೂರ್ತಿ ದೃಶ್ಯ ಹಾಗಿಲ್ಲ. ನಡುವೆ ಲಕ್ಮೆಗೆ ತಟ್ಟನೆ ದಿಗಿಲಾಗುತ್ತದೆ: ಅಪ್ಪ ಒಬ್ಬನೇ ಪರಕೀಯರ ಊರಿಗೆ ಹೋಗಿದ್ದಾನೆ. ಗಣೇಶ ಕಾಯಲಿ ಎಂದು ಮಲ್ಲಿಕಾ ಸಮಾಧಾನ ಹೇಳುತ್ತಾಳೆ. ಆಮೇಲೆ ಮೊದಲ ರಾಗವೇ ಮರಳಿದರೂ ಅದು ಮೊದಲಿನಷ್ಟು ನಿಶ್ಚಿಂತವಾಗಿ ಕೇಳಿಸದು. ಈ ಭಾಗ ಕತ್ತರಿಸಿದರೆ ಉಳಿಯುವುದು ಸುಗಂಧ ಮಾತ್ರ. ರಿಚರ್ಡ್ ಬಾನಿಂಗ್ ನಿರ್ದೇಶನದಲ್ಲಿ ಜೋನ್ ಸದರ್ಲೆಂಡ್, ಜೇನ್ ಬರ್ಬಿಯೆ ಹಾಡಿದ 1967ರ ಧ್ವನಿಮುದ್ರಿಕೆಯಲ್ಲಿ ದೃಶ್ಯ ಇಡಿಯಾಗಿದೆ.

ಮದರಾಸನ್ನು ನಿಜವಾಗಿ ಆಲಿಸಿದ ಫ್ರೆಂಚ್ ಸಂಯೋಜಕ ಬೇರೆಯೇ: ರವೆಲ್‌ನ ಗೆಳೆಯ ಮೊರಿಸ್ ಡೆಲಾಜ್. 1912ರಲ್ಲಿ ಭಾರತ ಸುತ್ತಿ ‘ನಾಲ್ಕು ಹಿಂದೂ ಕವಿತೆಗಳು’ ರಚಿಸಿದ. ಮೊದಲನೆಯದರ ಹೆಸರು ‘ಮದ್ರಾಸ್’, ಸಾಹಿತ್ಯ ಭರ್ತೃಹರಿಯದು. ಈ ಗುಚ್ಛ 1914ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿ ಕೇಳಿಸಿತು. ಅದರಲ್ಲಿನ ‘ಲಾಹೋರ್’ ಹಾಡಿನಲ್ಲಿ ಸೆಲ್ಲೊ ತಂತಿಯನ್ನು ಮೀಟಿ ಬೆರಳು ಜಾರಿಸುವುದು ಇಮ್ದಾದ್ ಖಾನರ ಸುರ್‌ಬಹಾರ್ ರೆಕಾರ್ಡಿನಿಂದ ಕಲಿತದ್ದು. ನನಗೆ ಇದಕ್ಕಿಂತ ಅಚ್ಚರಿ ಅವನ ‘ರಾಗಮಾಲಿಕಾ’. ಮದರಾಸಿನಲ್ಲಿ ಹೆಸರಾಗಿದ್ದ ಗಾಯಕಿ ಕೊಯಮತ್ತೂರು ತಾಯಿ ಅವರ ಗ್ರಾಮಫೋನ್ ತಟ್ಟೆಯನ್ನೇ ಆಧರಿಸಿದ ತಮಿಳು ಹಾಡದು. ನಮ್ಮ ಚರ್ಮವಾದ್ಯದ ನಾದ ಬರಲೆಂದು ಪಿಯಾನೋದ ಒಂದು ಸ್ವರದ ತಂತಿಯನ್ನೇ ಮಂದಗೊಳಿಸಲು ಸೂಚಿಸಿದ. ದೇವದಾಸಿ ಪರಂಪರೆಯ ಹೆಣ್ಣುಮಗಳ ದನಿ ಸಮುದ್ರ ದಾಟಿ ಪಿಯಾನೋದ ಹೊಟ್ಟೆಯೊಳಗೆ ಕೈಹಾಕಿಸಿತು! ಡೆಲಿಬ್‌ನಿಗೆ ಈ ಭಾಗ್ಯವಿರಲಿಲ್ಲ. 1883ರಲ್ಲಿ ಅಂಥ ತಟ್ಟೆಗಳೇ ಇರಲಿಲ್ಲ.

ಆದರೆ ತಟ್ಟೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎಪ್ಪತ್ತೆಂಟು ಸುತ್ತಿನ ರೆಕಾರ್ಡೆಂದು ನಾವು ಕರೆದರೂ ಆ ಕಾಲದ ಮುದ್ರಣಗಳು ಅದೇ ವೇಗದಲ್ಲಿ ನಡೆಯುತ್ತಿದ್ದವೆಂದೇನಿಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಐದು ಮನೆಯ ಶ್ರುತಿ ಹೆಚ್ಚುಕಡಿಮೆ ಐದೂವರೆಗೆ ಏರುತ್ತದೆ. ಮೂರು ನಿಮಿಷದ ಹಾಡು ಒಂಬತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ಶ್ರುತಿ, ಲಯ ಎರಡೂ ಒಟ್ಟಿಗೆ ಕೆಡುತ್ತವೆ. ತುಂಬುಕಂಠ ಕೀರಲಾಗಿ, ಭಾವವೂ ಹಗುರಾಗುತ್ತದೆ. ಒಪೆರಾದ ತಟ್ಟೆಯಾದರೆ ಸ್ವರಲಿಪಿ ನೋಡಿ ವೇಗವನ್ನು ಒಂದು ಮಟ್ಟಿಗೆ ಸರಿಪಡಿಸಬಹುದು. ನಮ್ಮಲ್ಲಿ ಹಾಡುವವರ ಕಂಠವೇ ಶ್ರುತಿಯನ್ನು ಆರಿಸುವುದರಿಂದ ಆ ಆಧಾರವಿಲ್ಲ.

ಹಳೆಯ ಮದರಾಸಿನ ತಟ್ಟೆಗಳನ್ನು ಅಂತರ್ಜಾಲಕ್ಕೆ ಏರಿಸುವ ಸಂಗ್ರಾಹಕರಲ್ಲಿ ಒಂದು ವಿನಂತಿ: ಯಾವ ವೇಗದಲ್ಲಿ ತಿರುಗಿಸಿದಿರಿ, ಎಷ್ಟು ಮನೆ ಶ್ರುತಿ ಬಂತು ಎಂಬುದನ್ನೂ ಹಾಡಿನ ಹೆಸರಿನ ಜೊತೆಗೇ ಬರೆದಿಡಿ.