ದೂರದವರಿಂದ ತೊಡಗುವ ಲೆಕ್ಕ

ಚದುರಿದ ತಂಡಗಳ ವಾರ್ಷಿಕ ಸಮಾಗಮ: ಮೊಸಳೆಯ ಸೀಮೆಯಲ್ಲೊಂದು ಆಯವ್ಯಯ ವಿಚಾರ

ಹಾಸನದಿಂದ ಹೊಳೆನರಸೀಪುರದ ದಿಕ್ಕಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಸಾಗಿದರೆ ದೊರೆಯುವ ಮೊಸಳೆ ಗ್ರಾಮದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದವೆಂದು, ಎಂದರೆ ಕ್ರಿ.ಶ. 1200ರ ಆಸುಪಾಸಿನವೆಂದು ವಿದ್ವಾಂಸರು ಎಣಿಸುವ ಎರಡು ದೇವಾಲಯಗಳು ಕೆಲವೇ ಅಡಿಗಳ ಅಂತರದಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಅಧಿದೇವತೆ ಬೇರೆ, ಅರ್ಚನಾವಿಧಿ ಬೇರೆ, ಭಿತ್ತಿಯ ಮೇಲಣ ಮೂರ್ತಿಗಳ ಕಥಾಪ್ರಪಂಚವೂ ಬೇರೆ. ಆದರೆ ತಲವಿನ್ಯಾಸವೂ ಶಿಖರವೂ ಮುಖಮಂಟಪವೂ ಒಂದೇ ಅಳತೆಗೋಲಿನಿಂದ ಹುಟ್ಟಿದವು. ಕಟ್ಟಿಸಿದವರು ಒಂದನ್ನು ಹಿರಿದು ಮಾಡಿ ಮತ್ತೊಂದನ್ನು ಅದರ ಪರಿವಾರದ ಗುಡಿಯಾಗಿಸಲಿಲ್ಲ. ಎರಡು ಗುಡಿಗಳ ನಡುವಣ ಇಕ್ಕಟ್ಟಿನಲ್ಲಿ ನಿಂತು ಮೊದಲು ಎಡಕ್ಕೂ ಆಮೇಲೆ ಬಲಕ್ಕೂ ಕತ್ತೆತ್ತಿ ನೋಡಿದವನಿಗೆ, ಭೇದವನ್ನು ಉಳಿಸಿಕೊಂಡೂ ಸಮಾನತೆಯನ್ನು ಸಾಧಿಸಬಹುದೆಂಬ ತತ್ತ್ವವನ್ನು ಯಾರೂ ವ್ಯಾಖ್ಯಾನ ಮಾಡಿ ಹೇಳಬೇಕಾಗಿಲ್ಲ.

ಈ ತತ್ತ್ವ ಇಂದು ಅತ್ಯಂತ ಅಗತ್ಯವಾಗಿ ಬೇಕಾಗಿರುವುದು ಬೆಂಗಳೂರಿನ ಕಂಪನಿಗಳಿಗೆ. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಗೆ ಅಂಜಿ ಕಚೇರಿಗಳು ಬಾಗಿಲಿಕ್ಕಿದಾಗ, ಲ್ಯಾಪ್‌ಟಾಪಿನ ಚೀಲವನ್ನು ಬೆನ್ನಿಗೇರಿಸಿಕೊಂಡು ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಪುತ್ತೂರಿಗೂ ಕಾಸರಗೋಡಿಗೂ ಮರಳಿದ ತರುಣ ತರುಣಿಯರು ಅಸಂಖ್ಯ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಬಿಪಿಒ ಮೊದಲಾದ ಸಂಸ್ಥೆಗಳ ಮೇಲಿದ್ದ ನೋಂದಣಿಯ ನಿರ್ಬಂಧಗಳನ್ನು ತೆಗೆದುಹಾಕಿದ್ದರಿಂದ, ಆಪದ್ಧರ್ಮವಾಗಿ ಬಂದ, ಮನೆಯಿಂದಲೇ ಕೆಲಸ ಮಾಡುವ ಪದ್ಧತಿಗೆ ಸರ್ಕಾರಿ ನಿಯಮದ ಆಸರೆಯೂ ದೊರೆಯಿತು. ಕಾಲ ತಿಳಿಯಾದ ಮೇಲೆ ಮರಳಿ ಕರೆ ಬಂದಿತು: ಟಿಸಿಎಸ್ 2023ರ ಅಕ್ಟೋಬರಿನಿಂದ ಕೆಲಸದ ಐದೂ ದಿನ ಕಚೇರಿಗೆ ಬರಬೇಕೆಂದಿತು, ಇನ್ಫೋಸಿಸ್ 2025ರ ಮಾರ್ಚಿನಿಂದ ಬಹುಪಾಲು ನೌಕರರಿಗೆ ತಿಂಗಳಿಗೆ ಹತ್ತು ದಿನಗಳ ಹಾಜರಿಯನ್ನು ವಿಧಿಸಿತು, ಸಣ್ಣ ಕಂಪನಿಗಳು ತಮಗೆ ತೋಚಿದ ಮಧ್ಯಮಮಾರ್ಗಗಳನ್ನು ಹಿಡಿದವು. ಇದರಿಂದ ಒಂದೇ ತಂಡದಲ್ಲಿ ಎರಡು ಬಗೆಯ ಜನರಾದರು. ಸಂಜೆ ನಾಲ್ಕಕ್ಕೆ ಒಟ್ಟಿಗೆ ಚಹಾ ಕುಡಿಯಲು ಇಳಿಯುವವರು ಕೆಲವರು, ಪರದೆಯ ಮೇಲಣ ಒಂದು ಚೌಕವಾಗಿ ಮಾತ್ರ ಇರುವವರು ಕೆಲವರು. ಈ ಹೈಬ್ರಿಡ್ ತಂಡವನ್ನು ವರ್ಷಕ್ಕೊಮ್ಮೆ ಎರಡು ಮೂರು ದಿನ ಒಂದೆಡೆ ಕೂಡಿಸುವ ಏರ್ಪಾಟಿಗೆ ಕಂಪನಿಯವರು ಔಟಿಂಗ್ ಎನ್ನುತ್ತಾರೆ. ಅದು ವಿನೋದದ ಬಾಬತ್ತೆಂದು ಲೆಕ್ಕಪತ್ರದಲ್ಲಿ ಬರೆಯಲ್ಪಟ್ಟರೂ, ವಸ್ತುತಃ ನ್ಯಾಯದ ಬಾಬತ್ತೆಂಬುದೇ ಈ ಲೇಖನದ ಪ್ರತಿಪಾದನೆ.

ಮಲಗಿದ್ದಾಗ ದಾಟಿದ ಊರು

ಸಾಮಾನ್ಯವಾಗಿ ನಡೆಯುವ ಕ್ರಮವನ್ನು ನೋಡಿ. ಯೋಜನೆಯನ್ನು ಹಾಕುವವರು ಬೆಂಗಳೂರಿನ ಕಚೇರಿಯಲ್ಲಿ ಇರುವವರು. ಆದಕಾರಣ ಶುಕ್ರವಾರ ಬೆಳಗಿನ ಜಾವ ಕಚೇರಿಯ ಗೇಟಿನಿಂದ ಬಸ್ಸು ಹೊರಡುತ್ತದೆ, ಸಕಲೇಶಪುರದ ಯಾವುದೋ ಕಾಫಿ ತೋಟದ ಹೋಮ್‌ಸ್ಟೇಗೆ. ಪುತ್ತೂರಿನ ಸಹೋದ್ಯೋಗಿಯು ಆ ಬಸ್ಸನ್ನು ಹಿಡಿಯಲೆಂದು ಗುರುವಾರ ರಾತ್ರಿಯೇ ಹೊರಟು, ಶಿರಾಡಿ ಘಾಟಿಯನ್ನು ಹತ್ತಿ, ನಿದ್ದೆಯಲ್ಲಿಯೇ ಸಕಲೇಶಪುರವನ್ನೂ ಹಾಸನವನ್ನೂ ದಾಟಿ ಬೆಂಗಳೂರನ್ನು ಸೇರಿ, ಮುಖ ತೊಳೆದುಕೊಂಡು, ಬಂದ ದಾರಿಯಲ್ಲಿಯೇ ಮರಳಿ ಸಕಲೇಶಪುರಕ್ಕೆ ಪ್ರಯಾಣ ಮಾಡಬೇಕಾಗುತ್ತದೆ. ರಾತ್ರಿಯ ಬಸ್ಸಿನ ಟಿಕೆಟ್ಟು ಅವನ ಸ್ವಂತ ಖರ್ಚು; ಏಕೆಂದರೆ ಆಯವ್ಯಯ ಪಟ್ಟಿಯಲ್ಲಿ ಪ್ರಯಾಣವೆಂದರೆ ‘ಕಚೇರಿಯಿಂದ ಕಚೇರಿಗೆ’. ಯಾರೂ ಕೆಟ್ಟವರಲ್ಲ, ಯಾರಿಗೂ ದುರುದ್ದೇಶವಿಲ್ಲ; ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕೆಂಬ ವಿವೇಕವೊಂದೇ ಇಲ್ಲಿ ತಪ್ಪಿದೆ.

ನಮ್ಮ ಸೀಮೆಯ ಊರಹಬ್ಬಗಳಲ್ಲಿ ಈ ವಿವೇಕವು ಅನಾದಿಯಿಂದ ಇದೆ. ಹಬ್ಬದ ದಿನ ಗೊತ್ತಾದೊಡನೆ ಹೇಳಿಕಳುಹಿಸುವುದು ಮೊದಲು ದೂರದೂರಿಗೆ ಕೊಟ್ಟ ಹೆಣ್ಣುಮಕ್ಕಳಿಗೆ. ಮನೆಮನೆಗೆ ವರಾಡ ಹಾಕುವುದು ಆಮೇಲೆ. ಪಕ್ಕದ ಬೀದಿಯವನಿಗೆ ಹೇಳುವುದು ಎಲ್ಲಕ್ಕಿಂತ ಕೊನೆಗೆ. ಕಂಪನಿಯ ಸಮಾಗಮಕ್ಕೂ ಇದೇ ಕ್ರಮ ಯೋಗ್ಯ. ಅತ್ಯಂತ ದೂರದವರು ಮನೆಯ ಹೊಸ್ತಿಲು ದಾಟಿ ಮರಳಿ ಅದೇ ಹೊಸ್ತಿಲನ್ನು ಸೇರುವವರೆಗಿನ ವೆಚ್ಚವನ್ನು ಮೊದಲ ಸಾಲಿನಲ್ಲಿ ಬರೆದು, ಉಳಿದುದನ್ನು ಅದರ ಕೆಳಗೆ ಬರೆಯಬೇಕು. ಆಗ ಸ್ಥಳದ ಆಯ್ಕೆಯೂ ತಾನಾಗಿಯೇ ಬದಲಾಗುತ್ತದೆ.

ನಾಲ್ಕು ದಾರಿ ಕೂಡುವಲ್ಲಿ

ಈ ದೃಷ್ಟಿಯಿಂದ ಹಾಸನಕ್ಕಿರುವ ಅನುಕೂಲ ಅಸಾಧಾರಣವಾದುದು. ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಅದು ಹೆಚ್ಚು ಕಡಮೆ ಸಮದೂರ. ಮೈಸೂರಿನಿಂದ ಇನ್ನೂ ಹತ್ತಿರ. ಮೈಸೂರಿನಿಂದ ಹೊಳೆನರಸೀಪುರ, ಮೊಸಳೆಹೊಸಹಳ್ಳಿಗಳ ಮೂಲಕ ಬರುವ ರೈಲು, ಅರಸೀಕೆರೆಯ ಕಡೆಯಿಂದ ಹುಬ್ಬಳ್ಳಿಯ ಸಂಪರ್ಕವನ್ನು ತರುವ ರೈಲು, ಸುಬ್ರಹ್ಮಣ್ಯದ ಘಾಟಿಯನ್ನೇರಿ ಬರುವ ರೈಲು, ಇವುಗಳ ಜೊತೆಗೆ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೇಲೆ ಬೆಂಗಳೂರಿಗೆ ನೇರವಾದ ರೈಲುಮಾರ್ಗವು ಎರಡು ದಶಕಗಳ ನಿರೀಕ್ಷೆಯ ತರುವಾಯ 2017ರ ಮಾರ್ಚ್ 26ರಂದು ಉದ್ಘಾಟನೆಗೊಂಡಿತು. ವಸತಿಯನ್ನು ಹಾಸನದಲ್ಲಿ ಇರಿಸಿಕೊಂಡು, ಮೊಸಳೆ, ದೊಡ್ಡಗದ್ದವಳ್ಳಿ, ಗೊರೂರುಗಳನ್ನು ಅರ್ಧ ದಿನದ ಸಂಚಾರಕ್ಕೆ ಇಟ್ಟುಕೊಂಡರೆ, ಯಾರೊಬ್ಬರೂ ತಾವು ದಾಟಿಬಂದ ದಾರಿಯನ್ನು ಹಿಂದಕ್ಕೆ ತುಳಿಯಬೇಕಾಗಿಲ್ಲ.

ಕಾಲದ ಆಯ್ಕೆ ಸ್ಥಳದ ಆಯ್ಕೆಯಷ್ಟೇ ಮುಖ್ಯವಾದುದು. ಹಾಸನದ ಅಧಿದೇವತೆ ಹಾಸನಾಂಬೆಯ ದೇಗುಲದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆಯ ನಂತರದ ಗುರುವಾರ ತೆರೆದು ಬಲಿಪಾಡ್ಯಮಿಯ ಮರುದಿನ ಮುಚ್ಚುವುದು ರೂಢಿ. ಆ ದಿನಗಳಲ್ಲಿ ನಾಡಿನ ನಾಲ್ಕೂ ಕಡೆಯಿಂದ ಜನ ಹರಿದುಬರುವುದರಿಂದ, ಪಟ್ಟಣದಲ್ಲಿ ನಲವತ್ತು ಜನಕ್ಕೆ ಕೊಠಡಿ ಹುಡುಕುವವನ ಪಾಡು ಹೇಳತೀರದು. ಆಷಾಢ ಶ್ರಾವಣಗಳಲ್ಲಿ ಶಿರಾಡಿ ಘಾಟಿಯ ಗುಡ್ಡ ಕುಸಿದು ಮಾರ್ಗ ನಿಲ್ಲುವುದು ಈಚಿನ ವರ್ಷಗಳ ಪರಿಪಾಠವೇ ಆಗಿರುವುದರಿಂದ, ಕರಾವಳಿಯ ಸಹೋದ್ಯೋಗಿಗಳಿರುವ ತಂಡವು ಮಳೆಗಾಲವನ್ನು ವರ್ಜಿಸುವುದೇ ಲೇಸು. ಗೊರೂರು ಜಲಾಶಯದ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ಕಾಣಬೇಕೆಂಬ ಹಂಬಲವುಳ್ಳವರು ಇದಕ್ಕೆ ಒಪ್ಪಲಾರರು. ಆದರೆ ನೀರು ಇಳಿದ ಮೇಲೆ ಅದರ ಕಮಾನುಗಳ ಕೆಳಗೆ ನಡೆದಾಡುವ ಅನುಭವವೂ ಅಷ್ಟೇ ರಮಣೀಯವಾದುದು. ಒಟ್ಟಿನಲ್ಲಿ ಜನವರಿಯ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ಪ್ರಶಸ್ತ ಕಾಲ. ಸುಗ್ಗಿ ಮುಗಿದಿರುತ್ತದೆ, ಸೊಗಡಿನ ಅವರೆ ಇನ್ನೂ ಸಂತೆಗೆ ಬರುತ್ತಿರುತ್ತದೆ, ಬೆಳಗಿನ ಚಳಿ ಹಿತವಾಗಿರುತ್ತದೆ.

ನಲವತ್ತು ಜನರ ಲೆಕ್ಕ

ಇನ್ನು ಅಂಕಿಗಳು. ನಲವತ್ತು ಜನರ ತಂಡ, ಅವರಲ್ಲಿ ಇಪ್ಪತ್ತನಾಲ್ವರು ಬೆಂಗಳೂರಿನವರು, ಹದಿನಾರು ಜನ ಮೈಸೂರು, ಮಂಗಳೂರು, ಪುತ್ತೂರು, ಕಾಸರಗೋಡು, ಹುಬ್ಬಳ್ಳಿಗಳಲ್ಲಿ ಚದುರಿದವರು, ಎರಡು ರಾತ್ರಿಗಳ ವಾಸ ಎಂದು ಇಟ್ಟುಕೊಳ್ಳೋಣ. ದರಗಳು ಉದಾಹರಣೆಗೆ ಮಾತ್ರ, ಕ್ರಮವನ್ನು ಲಕ್ಷಿಸತಕ್ಕದ್ದು.

ಮೊದಲ ಸಾಲು ಪ್ರಯಾಣ. ಬೆಂಗಳೂರಿನವರಿಗೆ ಒಪ್ಪಂದದ ಬಸ್ಸು ಅಥವಾ ರೈಲು, ಉಳಿದವರಿಗೆ ಮನೆಯಿಂದ ಮನೆಗೆ ಟಿಕೆಟ್ಟು, ಸ್ಥಳೀಯ ಸಂಚಾರದ ವಾಹನ, ಎಲ್ಲ ಸೇರಿ 80,000 ರೂಪಾಯಿ. ಎರಡನೆಯದು ವಸತಿ. ಇಬ್ಬರಿಗೊಂದು ಕೊಠಡಿ ಎಂಬ ನಿಯಮವನ್ನು ಎಲ್ಲರ ಮೇಲೆ ಹೇರಿದರೆ ಇಪ್ಪತ್ತು ಕೊಠಡಿ ಸಾಕು. ಆದರೆ ಎಳೆಕೂಸಿನ ತಾಯಿ, ಔಷಧೋಪಚಾರದಲ್ಲಿರುವವರು, ಅಪರಿಚಿತರೊಡನೆ ಕೊಠಡಿ ಹಂಚಿಕೊಳ್ಳಲು ಸಂಕೋಚಪಡುವವರು ಎಲ್ಲ ತಂಡಗಳಲ್ಲಿಯೂ ಇರುವುದರಿಂದ, ಎಂಟು ಜನಕ್ಕೆ ಒಂಟಿ ಕೊಠಡಿಯನ್ನು, ಕಾರಣ ಕೇಳದೆ, ಮೀಸಲಿರಿಸಬೇಕು. ಇಪ್ಪತ್ತನಾಲ್ಕು ಕೊಠಡಿ, ದಿನಕ್ಕೆ 3,500ರಂತೆ ಎರಡು ರಾತ್ರಿಗೆ 1,68,000. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಅದನ್ನು ಮೀರಿದರೆ ಶೇಕಡಾ 18. ಎಂದರೆ ತೆರಿಗೆ 8,400, ವಸತಿಯ ಮೊತ್ತ 1,76,400. ಈ ಐದರ ದರದಲ್ಲಿ ಹೋಟೆಲಿನವರಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲದಿರುವುದರಿಂದ, ಮೂಲಬೆಲೆಯನ್ನೇ ಕೊಂಚ ಏರಿಸಿದ್ದಾರೆಯೇ ಎಂಬುದನ್ನು ಮುಂಗಡ ಕೊಡುವ ಮುನ್ನ ವಿಚಾರಿಸುವುದು ಜಾಣತನ.

ಮೂರನೆಯದು ಊಟ. ಹಾಸನದ ಕಡೆಯ ಅಡುಗೆಯವರ ಮೊದಲ ಪ್ರಶ್ನೆ ‘ಎಷ್ಟು ಎಲೆ ಸ್ವಾಮಿ?’ ಎಂಬುದು; ಎರಡನೆಯದು ‘ಮುದ್ದೆ ಎಷ್ಟು ಜನಕ್ಕೆ, ಬರೀ ಅನ್ನ ಎಷ್ಟು ಜನಕ್ಕೆ?’ ಎಂಬುದು. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲ ವ್ಯವಸ್ಥಾಪಕನಿಗೆ ತನ್ನ ತಂಡದ ಪರಿಚಯವಿದೆ ಎಂದು ಧಾರಾಳವಾಗಿ ಹೇಳಬಹುದು. ಮಾಂಸಾಹಾರ, ಸಸ್ಯಾಹಾರ, ಬೆಳ್ಳುಳ್ಳಿ ಈರುಳ್ಳಿ ಇಲ್ಲದ ಜೈನ ಊಟ, ಸಕ್ಕರೆ ಕಾಯಿಲೆಯವರ ಪಥ್ಯ, ಇವನ್ನೆಲ್ಲ ಮುಂಚಿತವಾಗಿ ಬರೆಸಿಕೊಂಡರೆ ಎಲೆಯ ಮೇಲೆ ಉಳಿದು ಚೆಲ್ಲುವ ಅನ್ನವೂ ಕಡಮೆ, ಖರ್ಚೂ ಕಡಮೆ. ತಲೆಗೆ ದಿನಕ್ಕೆ ತೆರಿಗೆ ಸೇರಿ 900ರಂತೆ ಎರಡು ದಿನದ ಲೆಕ್ಕಕ್ಕೆ 72,000. ಸಭಾಂಗಣ, ಇಂಟರ್ನೆಟ್, ಕರೆಂಟು ಹೋದರೆ ಜನರೇಟರು, ಇವಕ್ಕೆ 30,000. ದೇವಾಲಯಗಳಲ್ಲಿ ವಿವರಣೆ ಕೊಡುವ ಮಾರ್ಗದರ್ಶಿ ಮೊದಲಾದ ಚಿಲ್ಲರೆ ವೆಚ್ಚಕ್ಕೆ 5,000. ಒಟ್ಟು 3,63,400, ಅದರ ಮೇಲೆ ಶೇಕಡಾ ಹತ್ತರ ಆಪತ್ಕಾಲದ ನಿಧಿ 36,340. ಹೀಗೆ ನಾಲ್ಕು ಲಕ್ಷಕ್ಕೆ ಇನ್ನೂರ ಅರವತ್ತು ಕಡಮೆ, ತಲೆಗೆ ಸುಮಾರು ಹತ್ತು ಸಾವಿರ ರೂಪಾಯಿ.

ಈ ಪಟ್ಟಿಯಲ್ಲಿ ಹೆಸರು ಮುದ್ರಿಸಿದ ಟೀಶರ್ಟುಗಳಿಲ್ಲ, ರಾತ್ರಿಯ ಡಿಜೆ ಇಲ್ಲ, ಹಗ್ಗದ ಮೇಲೆ ಜಾರುವ ಸಾಹಸಕ್ರೀಡೆಗಳಿಲ್ಲ. ಬೇಡವೆಂದಲ್ಲ, ಹಣ ಉಳಿದರೆ ಅವು ಬರಲಿ. ಆದರೆ ಟೀಶರ್ಟಿಗೆ ಹಣ ಹೊಂದಿಸಲು ಕಾಸರಗೋಡಿನವಳ ಟಿಕೆಟ್ಟನ್ನು ಪಟ್ಟಿಯಿಂದ ತೆಗೆಯುವ ಲೆಕ್ಕಿಗನ ಕೈಯನ್ನು ಹಿಡಿಯಬೇಕಾದುದು ಇಲ್ಲಿಯೇ.

ಮರೆಯಬಾರದ ಎರಡು ನಿಯಮಗಳು

ಮೊದಲನೆಯದು, ಮೊಸಳೆಯ ಜೋಡಿ ದೇವಾಲಯಗಳು ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರತಕ್ಕವು. 1959ರ ಪ್ರಾಚೀನ ಸ್ಮಾರಕಗಳ ನಿಯಮಾವಳಿಯ ಪ್ರಕಾರ ಇಂಥ ಸ್ಮಾರಕಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರ, ಭೋಜನಕೂಟಗಳನ್ನು ನಡೆಸಕೂಡದು. ಆದುದರಿಂದ ಬ್ಯಾನರನ್ನೂ ತಿಂಡಿಯ ಪೊಟ್ಟಣಗಳನ್ನೂ ಬಸ್ಸಿನಲ್ಲಿಯೇ ಬಿಟ್ಟು, ತಿರುಗಣೆಯ ಕಂಬಗಳನ್ನೂ ಮಂಟಪದ ಭುವನೇಶ್ವರಿಗಳನ್ನೂ ನೋಡುವುದಕ್ಕೆ ಮಾತ್ರ ಒಳಗೆ ಹೋಗತಕ್ಕದ್ದು. ಎರಡನೆಯದು ಇದಕ್ಕಿಂತ ಗುರುತರವಾದುದು. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯು, ಉದ್ಯೋಗದ ನಿಮಿತ್ತ ನೌಕರರು ಹೋಗುವ ಸ್ಥಳವನ್ನೂ ಉದ್ಯೋಗದಾತನು ಒದಗಿಸುವ ವಾಹನವನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಹೋಮ್‌ಸ್ಟೇಯ ಅಂಗಳದಲ್ಲಿ ಉರಿಯುವ ಬೆಂಕಿಯ ಸುತ್ತಣ ಕೂಟವೂ ಕಚೇರಿಯೇ. ಆಂತರಿಕ ದೂರು ಸಮಿತಿಯ ಸದಸ್ಯರೊಬ್ಬರು ತಂಡದೊಡನೆ ಇರುವುದು, ಅವರ ಫೋನ್ ನಂಬರು ಎಲ್ಲರಲ್ಲಿ ಇರುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಷ್ಟೇ ಆವಶ್ಯಕ.

ಕಾರ್ಯಕ್ರಮವನ್ನು ರಚಿಸುವಾಗಲೂ ಸಮಾನತೆಯ ಸೂತ್ರವೇ ದಾರಿ ತೋರಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ನಿಂತ ಗೊಮ್ಮಟನ ದರ್ಶನ ಯಾರಿಗೆ ಬೇಡ? ಆದರೆ ಬಂಡೆಯಲ್ಲಿ ಕಡೆದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರಲಾರದವರು ತಂಡದಲ್ಲಿ ಇಬ್ಬರಿದ್ದರೂ, ಅವರನ್ನು ಕೆಳಗೆ ಕೂರಿಸಿ ಉಳಿದವರು ಮೇಲೆ ಹೋಗುವ ಕಾರ್ಯಕ್ರಮವು, ವರ್ಷವಿಡೀ ಕಚೇರಿಯಲ್ಲಿ ನಡೆಯುವುದನ್ನೇ ಬೆಟ್ಟದ ಬುಡದಲ್ಲಿ ಪುನರಾವರ್ತಿಸಿದಂತೆ. ಡೋಲಿಯ ವ್ಯವಸ್ಥೆಗೆ ಹಣ ತೆಗೆದಿಡಬೇಕು, ಇಲ್ಲವೆ ಬೆಟ್ಟ ಹತ್ತುವ ಶ್ರಮವಿಲ್ಲದ ಮೊಸಳೆಯನ್ನೋ ಹಳೇಬೀಡನ್ನೋ ಆರಿಸಿಕೊಳ್ಳಬೇಕು. ಬೆಳಗಿನ ಹೊತ್ತು ಕೆಲಸದ ವಿಚಾರಕ್ಕೆ ಮೀಸಲಾಗಲಿ. ಆದರೆ ಪರದೆಯ ಮೇಲೆ ಓದಿ ಮುಗಿಸಬಹುದಾದ ಅಂಕಿಅಂಶಗಳ ಪ್ರದರ್ಶನಕ್ಕಾಗಿ ಇಷ್ಟು ದೂರ ಬಂದದ್ದಲ್ಲ. ಎದುರಾಬದುರು ಕೂತಲ್ಲದೆ ಇತ್ಯರ್ಥವಾಗದ ವಿಷಯಗಳನ್ನು, ಯಾರ ಮೇಲೆ ಕೆಲಸದ ಹೊರೆ ಹೆಚ್ಚಾಗಿದೆ, ಕಚೇರಿಯ ಮೊಗಸಾಲೆಯಲ್ಲಿ ತೀರ್ಮಾನವಾದದ್ದು ಊರಲ್ಲಿರುವವರಿಗೆ ಏಕೆ ತಡವಾಗಿ ತಿಳಿಯುತ್ತದೆ, ಬಡ್ತಿಯ ಕಾಲದಲ್ಲಿ ಕಣ್ಣೆದುರಿಲ್ಲದವರ ಹೆಸರು ಏಕೆ ಹಿಂದೆ ಬೀಳುತ್ತದೆ ಎಂಬಂಥವನ್ನು, ಚರ್ಚೆಗೆ ಎತ್ತಿಕೊಳ್ಳಬೇಕು. ಮಧ್ಯಾಹ್ನದ ಊಟದ ತರುವಾಯ ಎರಡು ಗಂಟೆಗಳ ಕಾಲ ಯಾವ ಕಾರ್ಯಕ್ರಮವೂ ಇರದಿರಲಿ. ಮನುಷ್ಯರು ಪರಸ್ಪರ ಪರಿಚಿತರಾಗುವುದು ಬಹುಮಟ್ಟಿಗೆ ಇಂಥ ವಿರಾಮದಲ್ಲಿಯೇ.

ಇಷ್ಟೆಲ್ಲ ವೆಚ್ಚದಿಂದ ಬಂದ ಫಲವೇನೆಂದು ಹಣಕಾಸಿನ ವಿಭಾಗದವರು ಕೇಳುವುದು ಸಹಜ, ಕೇಳುವುದು ಅವರ ಧರ್ಮವೂ ಹೌದು. ಮರಳಿದ ಮಾರನೆಯ ದಿನ ಐದು ನಕ್ಷತ್ರಗಳ ಅಭಿಪ್ರಾಯಪತ್ರವನ್ನು ತುಂಬಿಸಿಕೊಂಡು ಅದನ್ನೇ ಉತ್ತರವೆಂದು ಒಪ್ಪಿಸಿದರೆ ಪ್ರಯೋಜನವಿಲ್ಲ. ಹೊಟ್ಟೆ ತುಂಬಿದವರು ಒಳ್ಳೆಯದನ್ನೇ ಬರೆಯುತ್ತಾರೆ. ಮೂರು ತಿಂಗಳ ಮೇಲೆ ನೋಡಬೇಕಾದುದು ಬೇರೆ: ಬೆಂಗಳೂರಿನ ಮೇಜಿನವನು ಸಂದೇಹ ಬಂದಾಗ ಪಕ್ಕದ ಕುರ್ಚಿಯವನನ್ನು ಮಾತ್ರ ಕೇಳುತ್ತಿದ್ದಾನೆಯೋ, ಅಥವಾ ಮ್ಯಾನೇಜರನ ಅಪ್ಪಣೆಗೆ ಕಾಯದೆ ಪುತ್ತೂರಿಗೂ ಫೋನು ಮಾಡುತ್ತಿದ್ದಾನೆಯೋ ಎಂಬುದು. ಎರಡನೆಯದು ನಡೆಯುತ್ತಿದ್ದರೆ ಬರುವ ವರ್ಷದ ಆಯವ್ಯಯಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ. ನಡೆಯದಿದ್ದರೆ, ಆ ನಾಲ್ಕು ಲಕ್ಷವನ್ನು ವಿನೋದದ ಬಾಬತ್ತಿಗೇ ಬರೆದುಕೊಳ್ಳತಕ್ಕದ್ದು.