ಸುಗ್ಗಿ ಕುಣಿತವೂ ಧ್ಯಾನವೇ?

ಪ್ರಶ್ನೆ: ‘ಕಾನ್ಷಿಯಸ್ ಡ್ಯಾನ್ಸ್’ ಎಂದರೇನು? ನಮ್ಮ ಸಕಲೇಶಪುರ, ಆಲೂರು ಕಡೆಯ ಸುಗ್ಗಿ ಕುಣಿತಕ್ಕೂ ಅದಕ್ಕೂ ನಂಟಿದೆಯೇ?

ಉತ್ತರ: ಕಲಿತ ಹೆಜ್ಜೆಯಿಲ್ಲದೆ, ಗಮನವನ್ನೆಲ್ಲ ಮೈಮೇಲಿಟ್ಟು ಕುಣಿಯುವುದೇ ಅದರ ತಿರುಳು. ಸಾಮಾನ್ಯವಾಗಿ ಬರಿಗಾಲು, ಮಾತಿಲ್ಲ. ಅಂಗಾಲು ನೆಲಕ್ಕೆ ತಾಗುವುದನ್ನು, ಉಸಿರಿನ ಏರಿಳಿತವನ್ನು ಗಮನಿಸುತ್ತ ಮೈ ಎಳೆದತ್ತ ಹೋಗುವುದು. ಅಮೆರಿಕದ ಗೇಬ್ರಿಯಲ್ ರಾತ್ 1970ರ ದಶಕದಲ್ಲಿ ರೂಪಿಸಿದ ‘ಫೈವ್ ರಿದಮ್ಸ್’ ಎಂಬ ಇದರ ಒಂದು ಬಗೆಯಲ್ಲಿ ಕುಣಿತ ಮೊದಲು ಹರಿಯುತ್ತದೆ, ಬಿರುಸಾಗುತ್ತದೆ, ಅಂಕೆ ಮೀರುತ್ತದೆ, ಆಮೇಲೆ ಹಗುರಾಗಿ ನಿಶ್ಚಲತೆಗೆ ಇಳಿಯುತ್ತದೆ.

ಸುಗ್ಗಿಯ ದಾರಿ ಬೇರೆ. ಅಲ್ಲಿ ಹೆಜ್ಜೆ ಊರಿನದು, ಕುಣಿತ ದೇವರಿಗೆ. ಆದರೆ ಚಪ್ಪಲಿ ಬಿಟ್ಟು, ಒಗ್ಗರಣೆ ತೊರೆದು ವ್ರತ ಹಿಡಿಯುವ ಊರುಗಳಲ್ಲಿ ಕುಣಿತಕ್ಕೆ ಮೊದಲೇ ಮೈಮನಸ್ಸು ಹದಗೊಂಡಿರುತ್ತದೆ. ಈ ಸಿದ್ಧತೆಯಲ್ಲೇ ನನಗೆ ನಂಟು ಕಾಣುವುದು. ಮುಂದಿನ ಸುಗ್ಗಿಗೆ ಮೊಬೈಲ್ ಮನೆಯಲ್ಲಿಟ್ಟು ಹೋಗಿ, ಹಿರಿಯರ ಪಾದ ನೋಡಿ ಕಲಿಯಿರಿ.